ದಣಿಯದ ಬ್ಯಾಟರಿ

"ಅದನ್ನ ಒರೆಸಬೇಡ ಬೆನಕಪ್ಪ. ಹಾಗೇ ಇರಲಿ."

ಒದ್ದೆ ಬಟ್ಟೆ ಹಿಡಿದಿದ್ದ ಬೆನಕಪ್ಪನ ಕೈ ಅರ್ಧದಲ್ಲೇ ನಿಂತಿತು. ಕಡೂರಿನ ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಈ ಮಹಾಶಯನಿಗೆ ಕೆಲಸದ ನಡುವೆ ಯಾರಾದರೂ ಬಾಯಿ ಹಾಕಿದರೆ ಮೂಗಿನ ಮೇಲೇ ಕೋಪ. ಆದರೆ ಎದುರಿಗಿದ್ದವರು ತಂತಿ ಮೇಷ್ಟ್ರು ತೀರ್ಥಪ್ಪನವರು. ಮೂವತ್ತೊಂದು ವರ್ಷ ರೈಲ್ವೆಯಲ್ಲಿ ತಂತಿ ಹೊಡೆದು, ಈಗ ಪಿಂಚಣಿಯ ಮೇಲಿದ್ದುಕೊಂಡು, ಊರವರ ತಪ್ಪಿಸಿಕೊಂಡ ಎಮ್ಮೆಯಿಂದ ಹಿಡಿದು ಕಳುವಾದ ಒಡವೆಯವರೆಗೆ ಪತ್ತೆ ಮಾಡಿಕೊಡುವ ಕೆಲಸವನ್ನು ಯಾರೂ ಕೇಳದೆಯೇ ತಲೆಯ ಮೇಲೆ ಹೊತ್ತುಕೊಂಡವರು. ಅವರ ಮಾತಿಗೆ ಬೆನಕಪ್ಪ ಗೊಣಗಿಕೊಂಡಾದರೂ ಬಗ್ಗುತ್ತಿದ್ದ.

ಈ ಸಲ ಅವರ ತಲೆಯ ಮೇಲಿದ್ದದ್ದು ಎಮ್ಮೆಯಲ್ಲ, ಒಂದು ಜೀವ. ಒಂಬತ್ತು ದಿನದ ಹಿಂದೆ ಭಾನುವಾರ ಮಧ್ಯಾಹ್ನ ಕೊಬ್ಬರಿ ವರ್ತಕ ಮಲ್ಲಿಕಾರ್ಜುನಪ್ಪನವರನ್ನು ಅವರದೇ ಮಂಡಿಯ ಮಹಡಿಯಲ್ಲಿ ಯಾರೋ ತಲೆಗೆ ಹೊಡೆದು ಕೊಂದಿದ್ದರು. ಹೆಣದ ಪಕ್ಕದಲ್ಲಿ ಸಿಕ್ಕಿಬಿದ್ದವನು ಅವರ ಗುಮಾಸ್ತೆ ಬಸವರಾಜ. ನಾಳೆ ಬೆಳಗ್ಗೆ ಅವನನ್ನು ಕಡೂರಿನ ಲಾಕಪ್ಪಿನಿಂದ ಚಿಕ್ಕಮಗಳೂರಿನ ಜೈಲಿಗೆ ಸಾಗಿಸುವವರಿದ್ದರು.

ತೀರ್ಥಪ್ಪನವರು ಮೂಲೆಯಲ್ಲಿದ್ದ ಎರಡು ಮರದ ಪೆಟ್ಟಿಗೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಪೆಟ್ಟಿಗೆಯೊಳಗೆ ಬ್ಯಾಟರಿ, ಹೊರಗೆ ಸೀಮೆಸುಣ್ಣದಲ್ಲಿ ಬರೆದ ಅಂಕೆ. ಪೋಲೀಸಿನವರು ಮುಟ್ಟಬೇಡ ಎಂದು ಮೂಲೆಗೆ ತಳ್ಳಿಸಿದ್ದ ಈ ಪೆಟ್ಟಿಗೆಗಳನ್ನು ಅವತ್ತು ಬೆಳಗ್ಗೆಯಷ್ಟೇ ಏನಾದರೂ ಮಾಡಿಕೋ ಎಂದು ಬಿಟ್ಟುಕೊಟ್ಟಿದ್ದರು. ಒಂದು ಗಳಿಗೆ ತಡವಾಗಿದ್ದರೆ ಅಂಕೆಯೆಲ್ಲ ಒದ್ದೆ ಬಟ್ಟೆಯ ಪಾಲಾಗುತ್ತಿತ್ತು.

ಇಲ್ಲಿ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಊರಿನ ಹವ್ಯಾಸಿಗಳು ಸೇರಿ ಕಟ್ಟಿದ್ದು ನಿಸ್ತಂತು ಮಂಡಳಿ. ಸತ್ತ ಮಲ್ಲಿಕಾರ್ಜುನಪ್ಪನವರೇ ಅದರ ಅಧ್ಯಕ್ಷರು. ಊರಿಗೊಂದು ಸೆಟ್, ಅದಕ್ಕೆ ತಂತಿ ಆಫೀಸಿನ ಹಾಗೆ ಟಕಟಕ ಒತ್ತುವ ಕೀ, ಸೆಟ್ಟಿಗೊಂದು ಸರ್ಕಾರ ಕೊಟ್ಟ ಕಾಲ್‌ಸೈನ್, ಅಂದರೆ ಗುರುತಿನ ಹೆಸರು. ವರ್ಷಕ್ಕೊಮ್ಮೆ ಲಂಡನ್ನಿನ ಸಂಘದವರು ಪಂದ್ಯ ನಡೆಸುತ್ತಾರೆ. ಶನಿವಾರ ಸಂಜೆ ಐದರಿಂದ ಭಾನುವಾರ ಸಂಜೆ ಐದರವರೆಗೆ, ಸಮುದ್ರದಾಚೆಯ ಎಷ್ಟು ಸ್ಟೇಷನ್ನುಗಳನ್ನು ಕರೆದು ಮಾತಾಡಿಸಿದೆವು ಎಂಬುದೇ ಗೆಲುವು. ಹೋದ ವರ್ಷ ಮಂಡಳಿಗೆ ನಾಲ್ಕು ಅಂಕದಲ್ಲಿ ಬಹುಮಾನದ ಬಟ್ಟಲು ತಪ್ಪಿತ್ತು. ಈ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ತಂದೇ ತರುತ್ತೇವೆ ಎಂದು ಮೂರೂ ಊರಿನವರು ಹಟ ಹಿಡಿದಿದ್ದರು.

ಅಜ್ಜಂಪುರಕ್ಕಾಗಲಿ ತರೀಕೆರೆಗಾಗಲಿ ಆಗ ಕರೆಂಟು ಎಲ್ಲಿತ್ತು? ಸೆಟ್ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ಪಂದ್ಯಕ್ಕೆ ಮುಂಚೆ ಬೆನಕಪ್ಪ ಗಿರಣಿಯ ಡೈನಮೋದಲ್ಲಿ ಚಾರ್ಜ್ ಮಾಡಿ ರೈಲಿನಲ್ಲಿ ಗಾರ್ಡಿನ ಕೈಗೆ ಒಪ್ಪಿಸುತ್ತಿದ್ದ. ಸೋಮವಾರ ಖಾಲಿಯಾಗಿ ವಾಪಸ್ ಬರುತ್ತಿದ್ದವು. ಎರಡು ವರ್ಷದ ಹಿಂದೆ ಅಜ್ಜಂಪುರದವರು ನೀನು ಅರ್ಧ ಚಾರ್ಜ್ ಮಾಡಿ ಕಳಿಸಿದ್ದೆ ಎಂದು ಜಗಳ ತೆಗೆದಿದ್ದರು. ಅವತ್ತಿನಿಂದ ಬೆನಕಪ್ಪ ಒಂದು ಪದ್ಧತಿ ಇಟ್ಟುಕೊಂಡ. ಗಾಜಿನ ಕೊಳವೆಯಲ್ಲಿ ಆಸಿಡ್ಡಿನ ಸಾಂದ್ರತೆ ಅಳೆದು, ಹೋಗುವಾಗ ಒಂದು ಅಂಕೆ, ಬಂದಾಗ ಒಂದು ಅಂಕೆ, ಪೆಟ್ಟಿಗೆಯ ಮೇಲೇ ಬರೆದುಬಿಡುವುದು. ಪೂರ್ತಿ ತುಂಬಿದ್ದರೆ ೧೨೫೦. ಉಸಿರು ಹೋಗಿದ್ದರೆ ೧೧೫೦ರ ಕೆಳಗೆ.

ಅಜ್ಜಂಪುರದ ಪೆಟ್ಟಿಗೆಯ ಮೇಲೆ ಹೋದಾಗ ೧೨೫೦, ಬಂದಾಗ ೧೨೪೫ ಎಂದು ಬರೆದಿತ್ತು.

ತೀರ್ಥಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅಂಕೆ ಬದಲಾಗಲಿಲ್ಲ. ಬರೆಯುವಾಗ ಏನಾದರೂ ಎಡವಟ್ಟಾಯಿತೋ ಎಂದು ಕೇಳಿದರು. ಆ ಪ್ರಶ್ನೆಯೇ ಬೆನಕಪ್ಪನಿಗೆ ಅವಮಾನ.

"ನಾಲ್ಕು ಗಂಟೆ ಕೀ ಒತ್ತಿದ ಬ್ಯಾಟರಿ ಹಿಂಗಿರಾಕಿಲ್ಲ ಮೇಷ್ಟ್ರೇ. ಇದು ರೈಲ್ನಾಗೆ ಸವಾರಿ ಮಾಡ್ಕೊಂಡ್ ಬಂದೈತೆ, ಅಷ್ಟೇಯ."

ಪಕ್ಕದ ತರೀಕೆರೆಯ ಪೆಟ್ಟಿಗೆ ಇದಕ್ಕೆ ತದ್ವಿರುದ್ಧ. ಯಾರ ಜೊತೆ ಎಷ್ಟು ಹೊತ್ತಿಗೆ ಮಾತಾಡಿದ್ದೆಂದು ಬರೆದಿಡುವ ತರೀಕೆರೆಯ ಲಾಗ್ ಪುಸ್ತಕದ ಪ್ರಕಾರ ಆ ಭಾನುವಾರ ಹನ್ನೆರಡು ಗಂಟೆಗೇ ಅಲ್ಲಿನ ಸೆಟ್ಟಿನ ವಾಲ್ವ್ ಸುಟ್ಟುಹೋಗಿ ಎಲ್ಲ ನಿಂತಿತ್ತು. ಪೆಟ್ಟಿಗೆಯ ಮೇಲಿನ ಅಂಕೆ ೧೧೩೦. ಅಷ್ಟು ಹಿಂಡಿಸಿಕೊಂಡ ಬ್ಯಾಟರಿಯನ್ನು ಈ ವರ್ಷವೆಲ್ಲ ನೋಡಿರಲಿಲ್ಲ ಎಂದ ಬೆನಕಪ್ಪ.

ತೀರ್ಥಪ್ಪನವರು ಜೇಬಿನಿಂದ ಕಾಗದ ತೆಗೆದು ಎರಡೂ ಪೆಟ್ಟಿಗೆಯ ಅಂಕೆ ಬರೆದುಕೊಂಡರು.

ಅಜ್ಜಂಪುರದ ಸೆಟ್ಟಿನ ಮುಂದೆ ಕೂರುತ್ತಿದ್ದವನು ಚಂದ್ರಶೇಖರ, ಮಲ್ಲಿಕಾರ್ಜುನಪ್ಪನವರ ತಂಗಿಯ ಮಗ. ಮಕ್ಕಳಿಲ್ಲದ ಮಾವನ ಆಸ್ತಿಗೆ ಅವನೇ ವಾರಸುದಾರ. ಮೊದಲ ದಿನವೇ ಇನ್‌ಸ್ಪೆಕ್ಟರ್ ಅನುಮಾನಪಟ್ಟದ್ದು ಇವನ ಮೇಲೆ. ಆದರೆ ಅವನು ಲಾಗ್ ಪುಸ್ತಕ ತಂದು ಮುಂದಿಟ್ಟ. ಭಾನುವಾರ ಮಧ್ಯಾಹ್ನದವರೆಗೆ ಸೆಟ್ ಕೆಟ್ಟಿತ್ತೆಂದೂ, ಒಂದರಿಂದ ಐದರವರೆಗೆ ಅಜ್ಜಂಪುರದ ಕಾಲ್‌ಸೈನಿನಲ್ಲಿ ಹನ್ನೊಂದು ಸ್ಟೇಷನ್ ಮಾತಾಡಿಸಿದೆನೆಂದೂ ಅದರಲ್ಲಿತ್ತು. ಕೊಲೆಯಾದ ಮೂರೂವರೆ ಗಂಟೆಗೆ ಸರಿಯಾಗಿ ಕೊಲಂಬೊ. ಇನ್‌ಸ್ಪೆಕ್ಟರಿಗೆ ಇದೆಲ್ಲ ತಲೆಬುಡ ತಿಳಿಯದೆ ತೀರ್ಥಪ್ಪನವರನ್ನು ಕರೆಸಿ ಇದನ್ನು ನಂಬಬಹುದೇ ಎಂದು ಕೇಳಿದ್ದರು. ಅಜ್ಜಂಪುರದ ಜೊತೆ ಮಾತಾಡಿದ್ದು ನಿಜವೆಂದು ಕೊಲಂಬೊದಿಂದ ಒಪ್ಪಿಗೆಯ ಕಾರ್ಡೂ ಬಂತು, ನಿಮಿಷಕ್ಕೆ ನಿಮಿಷ ತಾಳೆಯಾಯಿತು. ನಂಬಬಹುದು ಎಂದು ಬರೆದು ಸಹಿ ಹಾಕಿಕೊಟ್ಟವರು ಇದೇ ತೀರ್ಥಪ್ಪನವರು.

ಅಜ್ಜಂಪುರ ಮಾತಾಡಿತೇ ಎಂದು ನೋಡಿದರೇ ಹೊರತು ಎಲ್ಲಿಂದ ಮಾತಾಡಿತು ಎಂದು ನೋಡಲಿಲ್ಲ. ಕೀ ಒತ್ತಿ ಬದುಕಿದವರಿಗೆ ಮಾತ್ರ ಆಗುವ ತಪ್ಪು ಇದು. ತಂತಿಯ ಮೇಲೆ ಒಂದು ಹೆಸರು ಬಂದರೆ ಆ ಊರೇ ಎದುರಿಗೆ ನಿಂತಹಾಗೆ ಅವರಿಗೆ. ಮೂವತ್ತೊಂದು ವರ್ಷದ ಅಭ್ಯಾಸ ಅವರಿಗೆ ಮಣ್ಣು ಮುಕ್ಕಿಸಿತ್ತು. ಅವರ ಆ ಒಂದು ಸಹಿಯಿಂದಲೇ ಚಂದ್ರಶೇಖರ ಮನೆಗೆ ಹೋದ, ಬಸವರಾಜನೊಬ್ಬನೇ ಒಳಗೆ ಉಳಿದ.

ಬಸವರಾಜನ ಮೇಲೆ ಅವರಿಗೂ ಪೂರ್ತಿ ನಂಬಿಕೆ ಇತ್ತೆಂದು ಹೇಳಲಾರೆ. ಹುಡುಗನಾಗಿದ್ದಾಗ ಅವನಿಗೆ ಕೀ ಹಿಡಿಯುವುದನ್ನು ಕಲಿಸಿದವರು ಇವರೇ. ಈಗ ಇಪ್ಪತ್ತಾರರ ಆಳು, ಮಂಡಿಯಲ್ಲಿ ಗುಮಾಸ್ತೆ, ಮಂಡಿಯ ಮಹಡಿಯಲ್ಲಿದ್ದ ಕಡೂರು ಸೆಟ್ಟಿನ ಆಪರೇಟರ್. ಪಂದ್ಯದ ದಿನ ಮೂರರಿಂದ ನಾಲ್ಕರವರೆಗೆ ಅವನ ಲಾಗ್ ಖಾಲಿ. ತೆಂಗಿನ ಮರಕ್ಕೆ ಬಿಗಿದಿದ್ದ ಏರಿಯಲ್ ಹಗ್ಗ ಕಿತ್ತುಹೋಗಿತ್ತು, ಕಟ್ಟಲು ಹೋಗಿದ್ದೆ, ಬಂದು ನೋಡಿದರೆ ಯಜಮಾನರು ಬಿದ್ದಿದ್ದರು ಎಂದ. ಇನ್‌ಸ್ಪೆಕ್ಟರ್ ತೆಂಗಿನ ಮರ ಹತ್ತಿಸಿ ನೋಡಿಸಿದರೆ ಹಗ್ಗ ಹಳೆಯದು, ಗಂಟು ಹಳೆಯದು. ಸುಳ್ಳು ಹೇಳಿದ್ದ. ಯಾಕೆಂದು ಕೇಳಿದರೆ ತಲೆ ತಗ್ಗಿಸಿ ಕೂತುಬಿಡುತ್ತಿದ್ದ.

ಗಿರಣಿಯ ಗೇಟಿನ ಹೊರಗೆ ಅವನ ತಾಯಿ ಹಾಲಮ್ಮ ಕಾದಿದ್ದಳು. ಏನಾದರೂ ಸಿಕ್ಕಿತಾ ಎಂದು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ ಮುಖ ನೋಡಿದಳು. ಒಂದು ದಾರಿ ಕಾಣುತ್ತಿದೆ, ತರೀಕೆರೆಗೆ ಹೋಗಿ ಸಂಜೆಯ ಗಾಡಿಗೆ ಬರುತ್ತೇನೆ ಎಂದರು ತೀರ್ಥಪ್ಪನವರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಊಟ ಮಾಡಿಕೊಂಡು ಹೋಗಿ ಎಂದಳು. ಮಗ ಲಾಕಪ್ಪಿನಲ್ಲಿದ್ದಾಗಲೂ ಇನ್ನೊಬ್ಬರ ಊಟದ ಯೋಚನೆ ಅವಳಿಗೆ.

ಬೀರೂರಿನಲ್ಲಿ ಗಾಡಿ ಬದಲಾಯಿಸಿ ತರೀಕೆರೆ ಮುಟ್ಟುವ ಹೊತ್ತಿಗೆ ಎರಡು ಗಂಟೆ. ದಾರಿಯುದ್ದಕ್ಕೂ ಅವರು ಒಂದನ್ನೇ ಯೋಚಿಸುತ್ತಿದ್ದರು. ಕೊಲಂಬೊದವನು ಸುಳ್ಳು ಹೇಳಿಲ್ಲ, ಬ್ಯಾಟರಿಯೂ ಸುಳ್ಳು ಹೇಳಿಲ್ಲ. ಅಜ್ಜಂಪುರದ ಹೆಸರಿನಲ್ಲಿ ತರೀಕೆರೆಯಿಂದ ಯಾರೋ ಕೀ ಒತ್ತಿದ್ದಾರೆ. ತರೀಕೆರೆಯಲ್ಲಿ ಕೀ ಒತ್ತಬಲ್ಲವರು ಒಬ್ಬರೇ. ಆದರೆ ಆ ಒಬ್ಬರು ಸುಳ್ಳು ಹೇಳುತ್ತಾರೆ ಎಂದರೆ ತರೀಕೆರೆಯಲ್ಲಿ ಯಾರೂ ನಂಬುವುದಿಲ್ಲ.

ಜವಳಿ ವರ್ತಕ ಷಣ್ಮುಖಪ್ಪನವರು ಅಂಥ ಮನುಷ್ಯ. ಮಠದ ವ್ಯವಹಾರದಲ್ಲಿ ತಕರಾರು ಬಂದರೆ ಎರಡು ಕಡೆಯವರೂ ಇವರ ಮಾತಿಗೆ ಒಪ್ಪಿ ಎದ್ದುಹೋಗುತ್ತಿದ್ದರು. ಅಳತೆಯ ಗಜದಲ್ಲಿ ಒಂದು ಬೆರಳು ಹೆಚ್ಚೇ ಕೊಡುವವರು. ಐವತ್ತು ದಾಟಿದ ಮೇಲೆ ವೈರ್‌ಲೆಸ್ಸಿನ ಹುಚ್ಚು ಹತ್ತಿಸಿಕೊಂಡು, ಮಂಡಳಿಯ ಕಾರ್ಯದರ್ಶಿಯಾಗಿ, ಅಂಗಡಿಯ ಮೇಲಿನ ಕೋಣೆಯಲ್ಲಿ ಸೆಟ್ ಇಟ್ಟುಕೊಂಡಿದ್ದರು.

ತೀರ್ಥಪ್ಪನವರನ್ನು ಕಂಡ ಕೂಡಲೇ ಅವರು ಗಿರಾಕಿಯನ್ನು ಬಿಟ್ಟು ಎದ್ದು ಬಂದರು. ಕುಶಲ ಕೇಳಿದರು, ಕೈಕಾಲಿಗೆ ನೀರು ಕೊಡಿಸಿದರು, ಮಹಡಿಗೆ ಕರೆದೊಯ್ದರು. ಇಷ್ಟೆಲ್ಲ ಮಾಡುವಾಗ ಒಂದು ಸಲವೂ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮೇಜಿನ ಮೇಲೆ ಸೆಟ್ ಇತ್ತು, ಮೇಲೊಂದು ಮಡಿ ಮಾಡಿದ ಪಂಚೆ ಹೊದಿಸಿತ್ತು. ತೀರ್ಥಪ್ಪನವರು ಸುತ್ತು ಬಳಸದೆ ಕೇಳಿದರು.

"ಆ ಭಾನುವಾರ ನಿಮ್ಮ ಸೆಟ್ ಎಷ್ಟು ಹೊತ್ತಿಗೆ ನಿಂತಿತು?"

"ಹನ್ನೆರಡಕ್ಕೆ. ಲಾಗ್‌ನಲ್ಲಿ ಬರೆದಿದ್ದೀನಲ್ಲ ಮೇಷ್ಟ್ರೇ."

ಅಷ್ಟರಲ್ಲಿ ಅವರ ಹೆಂಡತಿ ಕರಿಬಸಮ್ಮ ಮಜ್ಜಿಗೆಯ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮನೆಗೆ ಬಂದ ಹಿರಿಯರ ಹತ್ತಿರ ಗಂಡನ ಮೇಲೆ ಎರಡು ದೂರು ಹೇಳಿಕೊಳ್ಳುವುದು ಆಕೆಗೆ ಹಳೆಯ ರೂಢಿ.

"ಇವರಿಗೆ ನೀವಾದ್ರೂ ಒಂದಿಷ್ಟು ಬುದ್ಧಿ ಹೇಳಿ ಮೇಷ್ಟ್ರೇ. ಪಂದ್ಯದ ದಿನ ಸಂಜೆ ಐದ್ರ ತಂಕ ಈ ಕುರ್ಚಿ ಬಿಟ್ಟು ಏಳ್ಲಿಲ್ಲ. ಎರಡು ಸಲ ರೊಟ್ಟಿ ಬಿಸಿ ಮಾಡ್ದೆ. ಇದೇನು ಶರೀರವೋ ಕಲ್ಲೋ."

ಲೋಟ ಇಟ್ಟು ಆಕೆ ಇಳಿದುಹೋದರು. ತಾವು ಗಂಡನ ಬುಡಕ್ಕೇ ಕೈ ಹಾಕಿದೆವೆಂದು ಆ ತಾಯಿಗೇನು ಗೊತ್ತು. ಕೆಳಗೆ ಅಂಗಡಿಯಲ್ಲಿ ಯಾರೋ ಬಟ್ಟೆ ಹರಿದ ಸದ್ದು ಮಹಡಿಯವರೆಗೂ ಕೇಳಿಸಿತು.

ತೀರ್ಥಪ್ಪನವರು ಬ್ಯಾಟರಿಯ ಅಂಕೆ ಎರಡನ್ನೂ ಹೇಳಿದರು. ಏನೂ ಸೇರಿಸಲಿಲ್ಲ. ಷಣ್ಮುಖಪ್ಪನವರು ಮಜ್ಜಿಗೆಯ ಲೋಟವನ್ನು ಪಕ್ಕಕ್ಕೆ ಸರಿಸಿದರು. ಮುಖದಲ್ಲಿ ಗಾಬರಿಯಿರಲಿಲ್ಲ. ಭಾರದ ಮೂಟೆ ಇಳಿಸಲು ಯಾರಾದರೂ ಕೈ ಕೊಟ್ಟಾಗ ಹಮಾಲಿಯ ಮುಖದಲ್ಲಿ ಕಾಣುವ ಹಗುರವಿತ್ತು.

ಆಮೇಲೆ ಎಲ್ಲ ಹೇಳಿದರು. ಪಂದ್ಯ ಶುರುವಾಗುವ ಶನಿವಾರ ಮಧ್ಯಾಹ್ನ ಕಡೂರಿನಿಂದ ಗಾರ್ಡಿನ ಕೈಯಲ್ಲಿ ಸಹಿಯಿಲ್ಲದ ಒಂದು ಚೀಟಿ ಬಂತು. ಅಜ್ಜಂಪುರದ ಸೆಟ್ ಕೆಟ್ಟಿದೆ, ಭಾನುವಾರ ಮಧ್ಯಾಹ್ನ ನೀವೇ ಅದರ ಹೆಸರಿನಲ್ಲಿ ಕೂರಿ ಎಂದು. ಒಬ್ಬರ ಕಾಲ್‌ಸೈನಿನಲ್ಲಿ ಇನ್ನೊಬ್ಬರು ಕೂರುವುದು ಪಂದ್ಯದ ನಿಯಮಕ್ಕೂ ವಿರುದ್ಧ, ಸರ್ಕಾರದ ಲೈಸೆನ್ಸಿಗೂ ವಿರುದ್ಧ. ಗೊತ್ತಿದ್ದೇ ಕೂತರು. ಹೋದ ವರ್ಷದ ನಾಲ್ಕು ಅಂಕ ಮನಸ್ಸಿನಲ್ಲಿ ಕೊರೆಯುತ್ತಿತ್ತು. ತಮ್ಮ ಸೆಟ್ ಸುಟ್ಟಿತೆಂದು ಸುಳ್ಳು ಬರೆದು, ಅಜ್ಜಂಪುರದ ಹೆಸರಿನಲ್ಲಿ ಹನ್ನೊಂದು ಸ್ಟೇಷನ್ ಹಿಡಿದು, ಆ ಪಟ್ಟಿಯನ್ನು ಭಾನುವಾರ ಸಂಜೆಯ ಗಾಡಿಗೇ ಚಂದ್ರಶೇಖರನಿಗೆ ಕಳಿಸಿದರು. ಲಾಗ್ ಹಾಳೆಯ ಕೊನೆಯಲ್ಲಿ ಒಂದು ಪ್ರಮಾಣ ಇರುತ್ತದೆ, ನಿಯಮ ಪಾಲಿಸಿದ್ದೇನೆಂದು ನನ್ನ ಮಾನದ ಮೇಲೆ ಹೇಳುತ್ತೇನೆ ಎಂದು. ಅದರ ಕೆಳಗೆ ಸಹಿ ಹಾಕಿದರು. ಜೀವಮಾನದಲ್ಲಿ ಮೊದಲ ಸುಳ್ಳು ಸಹಿ.

"ನಾನು ಕೊಲೆ ಮುಚ್ಚಿಡಲಿಲ್ಲ ಮೇಷ್ಟ್ರೇ. ಪಂದ್ಯದ ಮೋಸ ಮುಚ್ಚಿಟ್ಟೆ."

"ಎರಡೂ ಒಂದೇ ಮಧ್ಯಾಹ್ನ ನಡೆದವು ಷಣ್ಮುಖಪ್ಪನವರೇ. ನೀವು ಒತ್ತಿದ ಕೀ ಚಂದ್ರಶೇಖರನಿಗೆ ಸಾಕ್ಷಿಯಾಯ್ತು. ಅದಕ್ಕೇ ಬಸವರಾಜ ಒಳಗಿದ್ದಾನೆ."

ಷಣ್ಮುಖಪ್ಪನವರು ಮುಖ ಮುಚ್ಚಿಕೊಂಡರು. ಚಂದ್ರಶೇಖರ ಅಜ್ಜಂಪುರದಲ್ಲೇ ಇದ್ದು ಸೆಟ್ ರಿಪೇರಿ ಮಾಡುತ್ತಿದ್ದನೆಂದು ತಮಗೆ ತಾವೇ ಹೇಳಿಕೊಂಡಿದ್ದರಂತೆ. ನಿರಪರಾಧಿಯಾದರೆ ಬಸವರಾಜ ತಾನಾಗಿಯೇ ಬಿಡುಗಡೆಯಾಗುತ್ತಾನೆ ಎಂದೂ ಹೇಳಿಕೊಂಡಿದ್ದರಂತೆ. ಒಂಬತ್ತು ದಿನವೂ ಬೆಳಗ್ಗೆ ಪೂಜೆಗೆ ಕೂತಾಗ ಈ ಎರಡು ಮಾತು ಹೇಳಿಕೊಂಡೇ ಎದ್ದರಂತೆ. ಬೈಯಲೆಂದು ಬಂದಿದ್ದ ತೀರ್ಥಪ್ಪನವರಿಗೆ ಬೈಯುವ ಬಾಯಿ ಬರಲಿಲ್ಲ. ಒಂದು ಸಹಿಯ ತಪ್ಪು ಅವರದೂ ಇತ್ತಲ್ಲ.

ಇನ್‌ಸ್ಪೆಕ್ಟರಿಗೆ ಇದನ್ನೆಲ್ಲ ಬರೆದುಕೊಡಬೇಕು ಎಂದರು. ಬರೆದರೆ ಬಟ್ಟಲು ಹೋಗುತ್ತದೆ, ಲೈಸೆನ್ಸ್ ಹೋಗುತ್ತದೆ, ಸೆಟ್ಟನ್ನು ಸರ್ಕಾರ ಹೊತ್ತುಕೊಂಡು ಹೋಗುತ್ತದೆ, ಮಠದ ಜಗಲಿಯ ಮೇಲೆ ನಾಲ್ಕು ಜನ ಮುಖದ ಮೇಲೇ ಕೇಳುತ್ತಾರೆ. ಷಣ್ಮುಖಪ್ಪನವರು ಅದ್ಯಾವುದನ್ನೂ ಎತ್ತಲಿಲ್ಲ. ಮಸಿ ಕುಡಿಕೆ ಎಳೆದುಕೊಂಡರು.

"ಬರೀತೀನಿ. ಬರೆದರೆ ಪೂರ್ತಿ ಬರೀತೀನಿ, ಆ ಚೀಟೀನೂ ಜೊತೆಗಿಡ್ತೀನಿ. ಇನ್ನೊಂದು ಸಲ ಅರ್ಧ ಹೇಳಿ ಅರ್ಧ ನುಂಗೋದು ನನ್ನ ಕೈಲಾಗಲ್ಲ."

ಬೀರುವಿನಿಂದ ಚೀಟಿ ತೆಗೆದು ಕೊಟ್ಟರು. ಚಂದ್ರಶೇಖರನ ದುಂಡು ಅಕ್ಷರ ನೋಡುತ್ತೇನೆಂದುಕೊಂಡು ತೀರ್ಥಪ್ಪನವರು ಬಿಚ್ಚಿದರು.

ಅಜ್ಜಂಪುರದ ಸೆಟ್ ಕೆಟ್ಟಿದೆ ನಾಳೆ ಒಂದರಿಂದ
ಐದರವರೆಗೆ ಅದರ ಕಾಲ್‌ಸೈನಿನಲ್ಲಿ ನೀವೇ ಕೂರಬೇಕು
ನಡುವೆ ಏಳಬಾರದು ಮಂಡಳಿಯ ಮಾನದ ಪ್ರಶ್ನೆ

ಸಾಲಿಗೆ ಐದು ಪದ. ಮೂರು ಸಾಲು, ಹದಿನೈದು ಪದ. ತಂತಿ ಆಫೀಸಿನಲ್ಲಿ ಪದ ಎಣಿಸಲು ಸುಲಭವಾಗಲೆಂದು ಸಾಲಿಗೆ ಐದರಂತೆ ಬರೆಯುತ್ತಾರೆ. ತೀರ್ಥಪ್ಪನವರು ಆ ಮೂರು ಊರಿನಲ್ಲಿ ಈ ಪಾಠವನ್ನು ಕಲಿಸಿದ್ದು ಒಬ್ಬನಿಗೆ ಮಾತ್ರ. ಆರನೆಯ ಪದ ಬರೆದಾಗಲೆಲ್ಲ ಬೆರಳ ಗಂಟಿಗೆ ರೂಲುದೊಣ್ಣೆಯಲ್ಲಿ ಬಡಿದು ಕಲಿಸಿದ್ದರು. ಅಕ್ಷರವೂ ಅವನದೇ, ಕೊಂಬನ್ನು ಗೀರಿ ಎಳೆಯುವ ಅದೇ ಕೈ.

ಬಸವರಾಜನ ಕೈ.

ಲಾಕಪ್ಪಿನ ಸರಳು ಹಿಡಿದುಕೊಂಡು, ಅಜ್ಜಂಪುರದ ವಿಷಯ ನನಗೇನೂ ತಿಳಿಯದು ಮೇಷ್ಟ್ರೇ ಎಂದಿದ್ದ. ಕಣ್ಣು ಮಿಟುಕಿಸದೆ ಹೇಳಿದ್ದ.

ತೀರ್ಥಪ್ಪನವರು ಕಿಟಕಿಯ ಹತ್ತಿರ ಹೋಗಿ ನಿಂತರು. ಷಣ್ಮುಖಪ್ಪನವರ ಹೇಳಿಕೆಯಿಲ್ಲದೆ ಬಸವರಾಜ ಹೊರಗೆ ಬರುವುದಿಲ್ಲ. ಹೇಳಿಕೆಯ ಜೊತೆಗೆ ಚೀಟಿ ಹೋದರೆ, ವಾರಸುದಾರನಿಗೆ ಸುಳ್ಳು ಸಾಕ್ಷಿ ಹೊಂದಿಸಿಕೊಟ್ಟವನೇ ಇವನು, ಇಬ್ಬರೂ ಸೇರಿ ಮಾಡಿದ ಕೆಲಸ ಇದು ಎನ್ನುತ್ತಾರೆ ಇನ್‌ಸ್ಪೆಕ್ಟರ್. ತಾವೇ ಇನ್‌ಸ್ಪೆಕ್ಟರ್ ಆಗಿದ್ದರೂ ಹಾಗೇ ಅನ್ನುತ್ತಿದ್ದರು. ಬಿಡಿಸಲು ತಂದ ಕಾಗದವೇ ಕುಣಿಕೆಯಾಗುವ ಹಾಗಿತ್ತು.

ಚೀಟಿಯನ್ನು ಬೇರೆ ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದರು. ಯಾರೂ ಇಲ್ಲ ಎಂದರು ಷಣ್ಮುಖಪ್ಪನವರು. ಅದೊಂದನ್ನು ಬಿಟ್ಟು ಬರೆದರೆ ಹೇಗೆ ಎಂಬ ಮಾತು ತೀರ್ಥಪ್ಪನವರ ನಾಲಿಗೆಯ ತುದಿಗೆ ಬಂತು. ಬಂದದ್ದಕ್ಕೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಷಣ್ಮುಖಪ್ಪನವರು ತಲೆಯೆತ್ತದೆ ಬರೆಯುತ್ತಿದ್ದರು, ಒಂದೊಂದು ಸಾಲಿಗೂ ನಿಂತು ಓದಿಕೊಂಡು. ಎರಡು ಹಾಳೆ ತುಂಬಿತು. ಸಹಿ ಹಾಕಿ, ಚೀಟಿಯನ್ನು ನಡುವೆ ಇಟ್ಟು ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಕಡೂರಿನಲ್ಲಿ ಗಾಡಿ ಇಳಿದಾಗ ಇನ್ನೂ ಬಿಸಿಲಿತ್ತು. ಪ್ಲಾಟ್‌ಫಾರಂ ಮೇಲೆ ಬೇವಿನ ಮರದ ಕೆಳಗೆ ಹಾಲಮ್ಮ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ತೀರ್ಥಪ್ಪನವರು ಅವಳನ್ನು ತಪ್ಪಿಸಿಕೊಂಡು ಹಿಂದಿನ ಗೇಟಿನಿಂದ ಹೋಗೋಣವೇ ಎಂದು ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ.

ಆದರೆ ಹೋಗಿ ಪಕ್ಕದ ಕಟ್ಟೆಯ ಮೇಲೆ ಕೂತರು. ಕೂತು ಎಲ್ಲ ಹೇಳಿದರು. ಬ್ಯಾಟರಿ, ಷಣ್ಮುಖಪ್ಪನವರು, ಕೊನೆಗೆ ಚೀಟಿ. ಅದು ನಿನ್ನ ಮಗನ ಬರಹ, ಇದನ್ನು ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ ಎಂದರು. ತಮ್ಮ ಶಿಷ್ಯ ತಮಗೇ ಸುಳ್ಳು ಹೇಳಿದನಲ್ಲ ಎಂಬ ನೋವನ್ನೂ ಹೇಳಿಕೊಂಡರು.

ಹಾಲಮ್ಮ ಅಳಲಿಲ್ಲ. ಚೀಟಿ ತೋರಿಸಿ ಎಂದಳು. ಓದಲು ಬಾರದವಳು ಆ ಕಾಗದದ ಮೂರು ಸಾಲನ್ನು ನೋಡುತ್ತಲೇ ಇದ್ದಳು. ಆಮೇಲೆ ಗಾಡಿ ಹೊರಡುವವರೆಗೆ ಕಾದು, ಜನ ಚದುರಿದ ಮೇಲೆ ಬಾಯಿಬಿಟ್ಟಳು.

"ಇದು ಬರೆದಿದ್ದು ನಮ್ಮನೆ ಜಗಲಿ ಮ್ಯಾಲೆ, ಶನಿವಾರ. ಬರೆದೋನು ನನ್ ಮಗ. ಹೇಳಿ ಬರೆಸ್ದೋರು ಯಜಮಾನ್ರು."

"ಯಾವ ಯಜಮಾನರು ತಾಯಿ?"

"ಇನ್ಯಾರು. ಮಲ್ಲಿಕಾರ್ಜುನಪ್ಪೋರೇ. ತನ್ ಕೈಬರಹ ಬ್ಯಾಡ ಅಂತ ಇವನ ಕೈಲಿ ಬರೆಸಿದ್ರು."

ತೀರ್ಥಪ್ಪನವರು ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡರು. ಸತ್ತವರು ತಾವಾಗಿಯೇ ತಮ್ಮ ಸೋದರಳಿಯ ಚಂದ್ರಶೇಖರನಿಗೆ ಸಾಕ್ಷಿ ಹೊಂದಿಸಿಕೊಟ್ಟರೇ? ಅಳಿಯನನ್ನು ಕಡೂರಿಗೆ ಕರೆಸಿಕೊಳ್ಳಲು ಹೀಗೆ ಮಾಡಿದರೇ ಎಂದು ಕೇಳಿದರು.

ಹಾಲಮ್ಮ ಅಲ್ಲವೆಂದು ತಲೆಯಾಡಿಸಿದಳು. ಅಜ್ಜಂಪುರದ ಮಾತು ಬರೀ ನೆಪವಂತೆ. ಬೇಕಾಗಿದ್ದದ್ದು ಷಣ್ಮುಖಪ್ಪನವರು ತರೀಕೆರೆಯ ಆ ಕುರ್ಚಿ ಬಿಟ್ಟು ಏಳದ ಹಾಗೆ ನೋಡಿಕೊಳ್ಳುವುದು. ಐದು ಗಂಟೆಯವರೆಗೆ ಅವನು ಅಲ್ಲಾಡಬಾರದು, ಅವನು ಬಂದರೆ ಈ ಕೆಲಸ ಆಗಗೊಡುವುದಿಲ್ಲ ಎಂದು ಯಜಮಾನರು ತಮಗೆ ತಾವೇ ಹೇಳಿಕೊಂಡದ್ದನ್ನು ಅವಳು ಬಾಗಿಲ ಸಂದಿಯಲ್ಲಿ ಕೇಳಿದ್ದಳು. ಯಾವ ಕೆಲಸವೆಂದು ಅವಳಿಗೆ ಗೊತ್ತಿಲ್ಲ. ಭಾನುವಾರ ಮೂರಕ್ಕೆ ಮಂಡಿಯ ಮಹಡಿಗೆ ಒಬ್ಬರು ಬರುವವರಿದ್ದರು. ಅವರು ಬರುವ ಹೊತ್ತಿಗೆ ಬಸವರಾಜ ಹೊರಗೆ ಹೋಗಬೇಕು, ಯಾರಾದರೂ ಕೇಳಿದರೆ ಏರಿಯಲ್ ಹಗ್ಗ ಕಟ್ಟಲು ಹೋಗಿದ್ದೆ ಎನ್ನಬೇಕು, ಅಷ್ಟೇ ಅಪ್ಪಣೆ.

ಇದನ್ನು ಯಾರ ಮುಂದೆಯೂ ಬಾಯಿಬಿಡಬೇಡ ಎಂದು ಯಜಮಾನರು ಬಸವರಾಜನಿಂದ ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ಬಾಗಿಲ ಹಿಂದೆ ತಾಯಿ ಕೇಳಿಸಿಕೊಂಡದ್ದು ತಿಳಿದು, ಅವಳ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಅವಳಿಂದಲೂ ಆಣೆ ಮಾಡಿಸಿಕೊಂಡಿದ್ದ ಬಸವರಾಜ. ಮಗನ ತಲೆಯ ಮೇಲಿನ ಆಣೆ ಮುರಿದರೆ ಮಗನಿಗೇ ಕೆಡುಕು ಎಂದು ಅವಳು ಒಂಬತ್ತು ದಿನ ತುಟಿ ಬಿಚ್ಚಿರಲಿಲ್ಲ. ಈಗ ಅದನ್ನು ಮುರಿದು ಕೂತಿದ್ದಳು. ಮಗನ ತಲೆ ಮುಟ್ಟಿದ್ದ ಬಲಗೈಯನ್ನು ಎಡಗೈಯಿಂದ ಹಿಸುಕಿಕೊಳ್ಳುತ್ತಿದ್ದಳು.

"ಆ ಬಂದೋರು ಯಾರು ಅಂತ ಗೊತ್ತಾ ಹಾಲಮ್ಮ?"

"ನಂಗೊತ್ತಿಲ್ಲ. ಅವನಿಗ್ ಗೊತ್ತು. ಮೆಟ್ಲು ಇಳೀವಾಗ ಎದುರಿಗೇ ಸಿಕ್ಕಿದ್ರಂತೆ."

ತೀರ್ಥಪ್ಪನವರು ಎದ್ದು ನಿಂತರು. ಹಾಗಾದರೆ ಈಗಲೇ ಲಾಕಪ್ಪಿಗೆ ಹೋಗೋಣ, ಸಾಗಿಸಲು ಇನ್ನೂ ಒಂದು ರಾತ್ರಿಯಿದೆ, ಗುರುವಿನ ಮಾತೆಂದು ನಾನು ಕೇಳುತ್ತೇನೆ, ತಾಯಿಯ ಮಾತೆಂದು ನೀನು ಕೇಳು, ಆ ಒಂದು ಹೆಸರು ಸಾಕು ಎಂದರು.

ಹಾಲಮ್ಮ ಕಟ್ಟೆಯಿಂದ ಏಳಲಿಲ್ಲ.

"ಅವನು ಹೇಳಲ್ಲ ಕಣಪ್ಪ, ನನ್ ಮಗನ್ನ ನಾನು ಬಲ್ಲೆ. ಯಜಮಾನ್ರು ಬದುಕಿದ್ದಿದ್ರೆ ಕಾಲಿಗೆ ಬಿದ್ದು, ನಾನ್ ಕೊಟ್ಟ ಮಾತು ನಂಗೆ ವಾಪಸ್ ಕೊಡಿ ಸ್ವಾಮಿ ಅಂತ ಕೇಳ್ಬಹುದಾಗಿತ್ತು. ಈಗ ಯಾರ್ನ ಹೋಗಿ ಕೇಳ್ತಾನೆ?"